ಕೋಡಿ ಎಲ್ಲೈತೆ?

ಭಾನುವಾರ ಬೆಳಿಗ್ಗೆ ತಿಂಡಿಯ ತಟ್ಟೆಗಳನ್ನು ಎತ್ತಿಟ್ಟ ಮೇಲೆ ಆ ಮನೆಯ ಮೇಜಿನ ಮೇಲೆ ದೊಡ್ಡದೊಂದು ಬಣ್ಣದ ಪುಸ್ತಿಕೆ ಬಿಚ್ಚಿಕೊಂಡಿತು. ಬೆಂಗಳೂರಿನ ಪೂರ್ವಕ್ಕೆ ತಲೆ ಎತ್ತಲಿರುವ ಹೊಸ ಯೋಜನೆಯೊಂದರ ಪುಸ್ತಿಕೆ ಅದು. ಬಡಾವಣೆ ಎನ್ನುವುದಕ್ಕಿಂತ ಪುಟ್ಟ ಊರು ಎನ್ನುವುದೇ ಸರಿ. ಒಂದೇ ಕಾಂಪೌಂಡಿನೊಳಗೆ ಹದಿನೆಂಟು ಅಂತಸ್ತಿನ ಮನೆಗಳು, ಸಾಫ್ಟ್‌ವೇರ್ ಕಚೇರಿಗಳು, ಅಂಗಡಿಗಳ ಮಾಲ್, ಹೋಟೆಲು, ಶಾಲೆ, ಆಸ್ಪತ್ರೆ. ಎಲ್ಲಕ್ಕೂ ಹಿನ್ನೆಲೆಯಾಗಿ ತಿಳಿನೀಲಿ ಬಣ್ಣದ ಕೆರೆ, ಕೆರೆಯ ಮೇಲೆ ಎರಡು ಬಿಳಿ ಹಕ್ಕಿ.

ತಂದೆ ಬ್ಯಾಂಕೊಂದರಲ್ಲಿ ಅಧಿಕಾರಿ. ಇಪ್ಪತ್ತೆರಡು ವರ್ಷಗಳಿಂದ ಬಾಡಿಗೆ ಮನೆ. ಈಗ ಕೋಲಾರದ ಕಡೆಯ ಊರಿನಲ್ಲಿದ್ದ ಎರಡೂವರೆ ಎಕರೆ ಗದ್ದೆಯನ್ನು ಮಾರಿದ ಹಣ ಕೈಗೆ ಬಂದಿದೆ. ಉಳಿದದ್ದಕ್ಕೆ ಸಾಲ. ಮುಂಗಡದ ಚೆಕ್ಕಿಗೆ ಸಹಿ ಹಾಕುವುದೊಂದೇ ಬಾಕಿ. ತಾಯಿಗೆ ಅಡುಗೆಮನೆಯ ಕಿಟಕಿ ಹಿಡಿಸಿದೆ. ಒಂಬತ್ತನೇ ತರಗತಿಯ ಮಗಳಿಗೆ ಈಜುಕೊಳ ಹಿಡಿಸಿದೆ.

ಗದ್ದೆ ಮಾರಿದ ಮೇಲೆ ಮಗನ ಜೊತೆಗೇ ಬಂದಿರುವ ತಾತ ಮಾತ್ರ ಕನ್ನಡಕ ಏರಿಸಿಕೊಂಡು ಚಿತ್ರದ ಕೆರೆಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು:

‘ಏನಪ್ಪಾ, ಈ ಕೆರೆಗೆ ಕೋಡಿ ಎಲ್ಲೈತೆ?’

ಮಗನಿಗೆ ನಗು ಬಂತು. ‘ಅಪ್ಪಾ, ಇದು ಬರೀ ಚಿತ್ರ. ಕೋಡಿ ಎಲ್ಲಾದ್ರೂ ಇರುತ್ತೆ ಬಿಡಿ.’

‘ಎಲ್ಲಾದ್ರೂ ಇರ್ತೈತೆ, ಸರಿ. ಎಲ್ಲೈತೆ ಅಂತ ಕೇಳ್ದೆ ಅಷ್ಟೆ.’

ತಾತ ಅರವತ್ತು ವರ್ಷ ಕೆರೆಯ ಕೆಳಗೆ ಗದ್ದೆ ಮಾಡಿದವರು. ಅವರ ಲೆಕ್ಕದಲ್ಲಿ ಕೆರೆ ಎಂದರೆ ನೀರು ನಿಂತ ಹಳ್ಳವಲ್ಲ. ನೀರು ಬರುವ ಕಾಲುವೆ, ನೀರನ್ನು ತಡೆಯುವ ಏರಿ, ಗದ್ದೆಗೆ ನೀರು ಬಿಡುವ ತೂಬು, ತುಂಬಿದ ಮೇಲೆ ಹೆಚ್ಚಿನ ನೀರು ಹೊರಗೆ ಬೀಳುವ ಕೋಡಿ, ಇಷ್ಟೂ ಸೇರಿದರೆ ಒಂದು ಕೆರೆ. ಕೋಡಿಯಿಂದ ಹೊರಟ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಅದಕ್ಕೂ ಕೆಳಗಿನದಕ್ಕೆ ಹೋಗುತ್ತದೆ. ಆ ದಾರಿಯಲ್ಲಿ ಯಾರಾದರೂ ಒಂದು ಬದು ಏರಿಸಿದರೂ ಪಕ್ಕದ ಗದ್ದೆಯವನು ರಾತ್ರೋರಾತ್ರಿ ಜಗಳಕ್ಕೆ ಬರುತ್ತಿದ್ದ. ಹಳ್ಳಿಯಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಲು ನೀರುಗಂಟಿ ಇರುತ್ತಿದ್ದ. ನಗರದಲ್ಲಿ ಉತ್ತರ ಹೇಳಬೇಕಾದವರು ಯಾರು? ಮಗಳು ಕೇಳಿದ್ದೂ ಹೆಚ್ಚು ಕಡಿಮೆ ಇದನ್ನೇ: ‘ಅಪ್ಪ, ಇಷ್ಟು ದೊಡ್ಡದು ಕಟ್ಟೋಕೆ ಯಾರು ಒಪ್ಪಿಗೆ ಕೊಡ್ತಾರೆ? ಅವ್ರು ಏನು ನೋಡಿ ಕೊಡ್ತಾರೆ?’

ಈ ಪ್ರಶ್ನೆಗೆ ಉತ್ತರ ಬಹುತೇಕ ತಂದೆತಾಯಿಗಳಿಗೆ ಗೊತ್ತಿರುವುದಿಲ್ಲ. ಮನೆ ಕೊಳ್ಳುವಾಗ ಚದರಡಿಯ ಬೆಲೆ, ಬ್ಯಾಂಕಿನ ಬಡ್ಡಿ, ಶಾಲೆ ಎಷ್ಟು ದೂರ ಎಂಬುದನ್ನೆಲ್ಲ ವಿಚಾರಿಸುತ್ತಾರೆ. ಆ ನೆಲ ನಗರದ ನಕ್ಷೆಯಲ್ಲಿ ಯಾವ ಬಣ್ಣದಲ್ಲಿದೆ ಎಂದು ಕೇಳುವವರು ಅಪರೂಪ.

ನಗರಕ್ಕೆ ಒಂದು ನಕ್ಷೆ ಇದೆ. ಅದನ್ನು ಮಹಾ ಯೋಜನೆ ಎನ್ನುತ್ತಾರೆ. ಕಚೇರಿಗಳಲ್ಲಿ ಹಳೆಯ ರೂಢಿಯಂತೆ ‘ಸಿಡಿಪಿ’ ಎನ್ನುವವರೂ ಉಂಟು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ 1961ರ ಪ್ರಕಾರ ತಯಾರಾಗುವ ಈ ನಕ್ಷೆಯಲ್ಲಿ ಊರಿನ ಪ್ರತಿಯೊಂದು ತುಂಡು ನೆಲಕ್ಕೂ ಒಂದು ಬಣ್ಣ. ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಶಾಲೆ ಆಸ್ಪತ್ರೆಗಳಂಥ ಸಾರ್ವಜನಿಕ ಉಪಯೋಗಕ್ಕೆ ಕೆಂಪು, ಉದ್ಯಾನ ಬಯಲುಗಳಿಗೆ ಹಸಿರು. ಯಾವ ಬಣ್ಣದಲ್ಲಿ ಏನು ಕಟ್ಟಬಹುದು, ಎಷ್ಟು ಎತ್ತರ, ರಸ್ತೆಯಿಂದ ಎಷ್ಟು ಹಿಂದೆ ಎಂಬುದನ್ನು ಹೇಳುವುದೇ ವಲಯ ನಿಯಮಾವಳಿ.

ಇಂಥ ನಿಯಮ ಹುಟ್ಟಿದ್ದಕ್ಕೆ ಕಾರಣಗಳು ತೀರಾ ಸರಳ. 1915ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಈಕ್ವಿಟಬಲ್ ಬಿಲ್ಡಿಂಗ್ ಎಂಬ ಭಾರಿ ಕಟ್ಟಡ ರಸ್ತೆಯ ಅಂಚಿನಿಂದಲೇ ನೆಟ್ಟಗೆ ಮೇಲೆದ್ದು, ಸುತ್ತಲಿನವರ ಬಿಸಿಲನ್ನು ಕಸಿದುಕೊಂಡಿತು. ಮರುವರ್ಷವೇ, 1916ರಲ್ಲಿ, ಆ ನಗರ ಕಟ್ಟಡಗಳ ಎತ್ತರ, ಆಕಾರ, ಉಪಯೋಗ ಮೂರಕ್ಕೂ ನಿಯಮ ಮಾಡಿತು. ಒಬ್ಬನು ತನ್ನ ಜಾಗದಲ್ಲಿ ಕಟ್ಟಿದ್ದು ಇನ್ನೊಬ್ಬನ ಅಂಗಳದ ಬಿಸಿಲಿಗೆ, ನೀರಿಗೆ, ನಿದ್ದೆಗೆ ತೊಡಕಾಗಬಾರದು. ವಲಯ ನಿಯಮದ ಮೂಲ ಇಷ್ಟೆ.

ಹಾಗೆಂದು ಮನೆ, ಅಂಗಡಿ, ಕಚೇರಿ ಒಟ್ಟಿಗಿರುವುದು ತಪ್ಪೇನೂ ಅಲ್ಲ. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇದ್ದದ್ದು ಇಂದು ನಿನ್ನೆಯ ಮಾತಲ್ಲ. ‘ಮಿಶ್ರ ಬಳಕೆ’ ಎಂಬ ಹೆಸರನ್ನು ಆಗ ಯಾರೂ ಕೇಳಿರಲಿಲ್ಲ. ಕೆಲಸಕ್ಕೆ, ಶಾಲೆಗೆ ನಡೆದೇ ಹೋಗುವಂತಿದ್ದರೆ ಪೆಟ್ರೋಲೂ ಉಳಿಯುತ್ತದೆ, ಆಯುಷ್ಯವೂ ಉಳಿಯುತ್ತದೆ. ಆದರೆ ಪೇಟೆ ಒಂದೊಂದು ಮನೆಯಾಗಿ ನೂರಾರು ವರ್ಷ ಬೆಳೆಯಿತು. ಹೊಸ ಯೋಜನೆ ಹತ್ತಾರು ಎಕರೆಯಲ್ಲಿ, ಐದಾರು ವರ್ಷಗಳಲ್ಲಿ ಎದ್ದು ನಿಲ್ಲುತ್ತದೆ. ಪರಿಶೀಲನೆ ಬೇಕಾಗುವುದು ಈ ಗಾತ್ರ ಮತ್ತು ಈ ವೇಗಕ್ಕೆ.

ಗಾತ್ರವನ್ನು ಅಳೆಯಲು ಒಂದು ಸಂಖ್ಯೆ ಇದೆ. ಕಚೇರಿಯ ಭಾಷೆಯಲ್ಲಿ ಅದು ಎಫ್.ಎ.ಆರ್. ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣವನ್ನು ನಿವೇಶನದ ವಿಸ್ತೀರ್ಣದಿಂದ ಭಾಗಿಸಿದರೆ ಸಿಗುವ ಅನುಪಾತ. ಬೆಂಗಳೂರಿನವರಿಗೆ ಚಿರಪರಿಚಿತವಾದ ಮೂವತ್ತು-ನಲವತ್ತರ ಸೈಟನ್ನೇ ತೆಗೆದುಕೊಳ್ಳಬಹುದು. ಅದು 1,200 ಚದರಡಿ. ಎಫ್.ಎ.ಆರ್. 1.75 ಎಂದಿದ್ದರೆ ಎಲ್ಲ ಮಹಡಿ ಸೇರಿ 2,100 ಚದರಡಿ ಕಟ್ಟಬಹುದು. ಅದೇ ಹತ್ತು ಎಕರೆ ಜಾಗಕ್ಕೆ ಎಫ್.ಎ.ಆರ್. 3 ಸಿಕ್ಕಿತು ಎನ್ನೋಣ. ಒಂದು ಎಕರೆ 43,560 ಚದರಡಿ. ಹತ್ತು ಎಕರೆಗೆ 4,35,600. ಮೂರು ಪಟ್ಟು ಎಂದರೆ ಹದಿಮೂರು ಲಕ್ಷ ಚದರಡಿ. ನಕ್ಷೆಯಲ್ಲಿ ಬಣ್ಣ ಬದಲಾಗಿ ಈ ಸಂಖ್ಯೆ ಅರ್ಧದಷ್ಟು ಹೆಚ್ಚಿದರೂ ನೆಲದ ಬೆಲೆ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಬಣ್ಣಕ್ಕಾಗಿ ಇಷ್ಟೊಂದು ಓಡಾಟ ಏಕೆ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಇದರ ಜೊತೆಗೆ ನೀರಿನ ಲೆಕ್ಕವೂ ಬರುತ್ತದೆ. ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ನೀರು ಬೇಕು ಎಂಬುದು ನಗರಗಳಿಗೆ ಇಟ್ಟುಕೊಂಡಿರುವ ಅಳತೆ. ಸಾವಿರ ಮನೆ, ಮನೆಗೆ ನಾಲ್ವರು ಎಂದರೆ ದಿನಕ್ಕೆ 5,40,000 ಲೀಟರ್. ಹನ್ನೆರಡು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ತಂದರೆ 45 ಟ್ಯಾಂಕರ್. ಇದರಲ್ಲಿ ಶೇಕಡ 80ರಷ್ಟು ಮತ್ತೆ ಕೊಳಚೆಯಾಗಿ ಹೊರಗೆ ಬರುತ್ತದೆ. ಬೆಂಗಳೂರಿಗೆ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯ ಕಡೆಯಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿಸಿಕೊಂಡು ಬರುತ್ತದೆ. ಪುಸ್ತಿಕೆಯ ನಲ್ಲಿಯಲ್ಲಿ ನೀರು ಬರುವುದು ಸುಲಭ. ನಿಜವಾದ ನಲ್ಲಿಗೆ ಆ ಎತ್ತರವನ್ನು ಹತ್ತಬೇಕು.

ಹಾಗಾದರೆ ಈ ಲೆಕ್ಕಗಳನ್ನು ನೋಡುವವರು ಯಾರು? ಯೋಜನಾ ಪ್ರಾಧಿಕಾರ ನಕ್ಷೆಯ ಬಣ್ಣವನ್ನೂ ಕಟ್ಟಡದ ವಿನ್ಯಾಸವನ್ನೂ ನೋಡುತ್ತದೆ. ಜಲಮಂಡಳಿ ನೀರು, ಒಳಚರಂಡಿಯ ಬಗ್ಗೆ ಹೇಳಬೇಕು. ಅಗ್ನಿಶಾಮಕ ಇಲಾಖೆ, ವಿದ್ಯುತ್ ಕಂಪನಿ, ಮಾಲಿನ್ಯ ನಿಯಂತ್ರಣ ಮಂಡಳಿ ತಮ್ಮ ತಮ್ಮ ಪತ್ರ ಕೊಡಬೇಕು. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ದಾಟಿದರೆ 2006ರ ಸೆಪ್ಟೆಂಬರಿನ ಕೇಂದ್ರ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿಯೂ ಬೇಕು.

ಇಲ್ಲಿ ಪೋಷಕರು ಗಮನಿಸಬೇಕಾದ ಒಂದು ಸಂಗತಿ ಇದೆ. ಗಣಿಗೋ ಅಣೆಕಟ್ಟಿಗೋ ಪರಿಸರ ಅನುಮತಿ ಕೊಡುವ ಮುಂಚೆ ಸುತ್ತಲಿನ ಜನರನ್ನು ಕರೆದು ಕೇಳುವ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಆದರೆ 2006ರ ಆ ಅಧಿಸೂಚನೆ ಕಟ್ಟಡ ಮತ್ತು ಬಡಾವಣೆ ಯೋಜನೆಗಳಿಗೆ ಈ ಸಭೆಯಿಂದ ವಿನಾಯಿತಿ ಕೊಟ್ಟಿತು. ಅಂದರೆ ಪಕ್ಕದ ಬೀದಿಯವರನ್ನು ಕೇಳದೆಯೇ ಹತ್ತಾರು ಎಕರೆಯ ಕಟ್ಟಡ ಸಮೂಹಕ್ಕೆ ಪರಿಸರ ಅನುಮತಿ ಸಿಗಬಹುದು. ಜನರಿಗೆ ಬಾಯಿ ಬಿಡಲು ಅವಕಾಶವಿರುವುದು ಬೇರೆ ಎರಡು ಕಡೆ. ಮಹಾ ಯೋಜನೆಯ ಕರಡು ಪ್ರಕಟವಾದಾಗ ಒಮ್ಮೆ. ಆ ಯೋಜನೆಯಲ್ಲಿನ ಬಣ್ಣವನ್ನು ಯಾರಾದರೂ ಬದಲಾಯಿಸಲು ಹೊರಟಾಗ ಇನ್ನೊಮ್ಮೆ. 1961ರ ಅಧಿನಿಯಮದ 14-ಎ ಕಲಮಿನ ಪ್ರಕಾರ ಭೂ ಉಪಯೋಗದ ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು. ಅದನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆಗಳನ್ನು ಕರೆಯಬೇಕು. ಟೆಂಡರುಗಳು, ಕಳೆದುಹೋದ ಅಂಕಪಟ್ಟಿಗಳು, ಹೆಸರು ಬದಲಾವಣೆಗಳ ನಡುವೆ ಇರುವೆ ಸಾಲಿನಂಥ ಅಕ್ಷರದಲ್ಲಿ ಆ ಪ್ರಕಟಣೆ ಇರುತ್ತದೆ. ಬಡಾವಣೆಯ ಹಣೆಬರಹ ಅಲ್ಲಿ ಬರೆದಿದ್ದರೂ ಜನ ಪುಟ ತಿರುವಿ ಕ್ರಿಕೆಟ್ಟಿಗೆ ಹೋಗುತ್ತಾರೆ.

ಪುಟ ತಿರುವಿದ್ದರಿಂದ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಅದನ್ನು ಅರ್ಥ ಮಾಡಿಕೊಳ್ಳಲು ಮೊದಲು ಊರಿನ ಮೈಯನ್ನು ತಿಳಿಯಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದ ಒಂದು ದಿಬ್ಬದ ಮೇಲೆ ಕುಳಿತಿದೆ. ಊರಿನ ಪಕ್ಕದಲ್ಲಿ ದೊಡ್ಡ ನದಿ ಇಲ್ಲ. ದಿಬ್ಬದ ಮೇಲೆ ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳಲ್ಲಿ ಇಳಿದುಹೋಗುತ್ತದೆ. ಹಿಂದಿನವರು ಆ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೆರೆ ಕಟ್ಟಿದರು. ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಮಡಿವಾಳದ ನೀರು ಅಗರ ಕೆರೆಗೆ, ಅಗರದ ನೀರು ಬೆಳ್ಳಂದೂರಿಗೆ, ಬೆಳ್ಳಂದೂರಿನ ನೀರು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಸೇರಿ ತಮಿಳುನಾಡಿನತ್ತ ಹೊರಡುತ್ತದೆ.

ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಕಣಿವೆಯಲ್ಲಿ ಸುಮಾರು 80 ಎಕರೆ ಜಾಗದಲ್ಲಿ ವಿಶೇಷ ಆರ್ಥಿಕ ವಲಯ, ಕಚೇರಿ, ಹೋಟೆಲು, ವಸತಿ, ಮಾಲ್ ಎಲ್ಲ ಸೇರಿದ ಮಿಶ್ರ ಬಳಕೆಯ ಯೋಜನೆಗಳು ಬಂದವು. ಭೂಮಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ಬಂದದ್ದು. ಎರಡು ಕಂಪನಿಗಳಿಗೆ ಪರಿಸರ ಅನುಮತಿಯೂ ಸಿಕ್ಕಿತ್ತು. ಕಾಗದಗಳು ಇದ್ದವು. ಕೆಲಸ ಶುರುವಾಗಿ ಮಣ್ಣು ಅಗೆದದ್ದು ಕಣ್ಣಿಗೆ ಬಿದ್ದ ಮೇಲೆ ಸುತ್ತಲಿನ ನಾಗರಿಕರು ತಾತ ಕೇಳಿದ ಪ್ರಶ್ನೆಯನ್ನೇ ಕೇಳತೊಡಗಿದರು. ಮೇಲಿನ ಕೆರೆ ತುಂಬಿದರೆ ನೀರು ಕೆಳಗಿನ ಕೆರೆಗೆ ಹೋಗುವುದು ಹೇಗೆ?

2014ರಲ್ಲಿ ಫಾರ್ವರ್ಡ್ ಫೌಂಡೇಶನ್ ಮತ್ತು ಇತರರು ಈ ವಿಷಯವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಒಯ್ದರು. 2015ರ ಮೇ ತಿಂಗಳಲ್ಲಿ ನ್ಯಾಯಮಂಡಳಿ ಕಂಪನಿಗಳಿಗೆ ಕೋಟಿಗಳ ಲೆಕ್ಕದಲ್ಲಿ ದಂಡ ವಿಧಿಸಿತು. 2016ರ ಮೇ 4ರ ಆದೇಶದಲ್ಲಿ ಇನ್ನೂ ಮುಂದೆ ಹೋಗಿ ಇಡೀ ಬೆಂಗಳೂರಿಗೇ ಅನ್ವಯಿಸುವಂತೆ ಹೊಸ ಅಳತೆಗಳನ್ನು ಹೇಳಿತು. ಕೆರೆಯ ಸುತ್ತ 75 ಮೀಟರ್ ಜಾಗದಲ್ಲಿ ಏನೂ ಕಟ್ಟಬಾರದು. ರಾಜಕಾಲುವೆಯ ಅಂಚಿನಿಂದ, ಕಾಲುವೆಯ ದರ್ಜೆಗೆ ತಕ್ಕಂತೆ, 50, 35, 25 ಮೀಟರ್ ಬಿಡಬೇಕು.

ಆಗ ಜಾರಿಯಲ್ಲಿದ್ದ ಮಹಾ ಯೋಜನೆಯ ಅಳತೆ ಬೇರೆ ಇತ್ತು. ಕೆರೆಯ ಸುತ್ತ 30 ಮೀಟರ್. ರಾಜಕಾಲುವೆಗೆ 50, 25, 15 ಮೀಟರ್, ಅದೂ ಕಾಲುವೆಯ ಮಧ್ಯದಿಂದ. ಮಧ್ಯ, ಅಂಚು ಎಂಬ ಎರಡು ಪದಗಳ ನಡುವಿನ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಸ್ಕೇಲು ಹಿಡಿದು ಗೆರೆ ಎಳೆದೇ ನೋಡಬೇಕು. ಆರು ಮೀಟರ್ ಅಗಲದ ಒಂದು ಸಣ್ಣ ಕಾಲುವೆ ಎಂದಿಟ್ಟುಕೊಂಡರೆ, ಮಧ್ಯದಿಂದ 15 ಮೀಟರ್ ಎಂದರೆ ಅಂಚಿನಿಂದ ಉಳಿಯುವುದು 12 ಮೀಟರ್. ನ್ಯಾಯಮಂಡಳಿ ಹೇಳಿದ್ದು ಅಂಚಿನಿಂದ 25. ಒಂದು ಪದ, ಒಂದು ಸಂಖ್ಯೆ ಬದಲಾದರೆ ಸಾವಿರಾರು ನಿವೇಶನಗಳು ಕಟ್ಟಬಹುದಾದ ಜಾಗದಿಂದ ಕಟ್ಟಬಾರದ ಜಾಗಕ್ಕೆ ಜಾರುತ್ತವೆ.

ಹಾಗೆಯೇ ಆಯಿತು. ಆ ಆದೇಶ ಬಂದ ಮೇಲೆ ಎಲ್ಲ ಒಪ್ಪಿಗೆಯೂ ಇದೆ ಎಂದು ನಂಬಿ ಮನೆಗೆ ಹಣ ಕಟ್ಟಿದ್ದ ಸಾಮಾನ್ಯರೂ ಗೊಂದಲಕ್ಕೆ ಬಿದ್ದರು. ಕಟ್ಟುವವರ ವಾದದಲ್ಲೂ ಹುರುಳಿತ್ತು. ನಿಯಮ ಪುಸ್ತಕದಲ್ಲಿ 30 ಎಂದಿದ್ದಾಗ ಅದನ್ನು ಪಾಲಿಸಿದವನಿಗೆ ಆಮೇಲೆ 75 ಎಂದರೆ ಹೇಗೆ? ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ಮಾರ್ಚ್ 5ರಂದು ಬಂದ ತೀರ್ಪು ಹೊಸ ಅಳತೆಗಳ ಆ ಭಾಗವನ್ನು ರದ್ದುಮಾಡಿತು. ಮಹಾ ಯೋಜನೆ ಶಾಸನದ ಬಲವುಳ್ಳದ್ದು, ಅದನ್ನು ತಿದ್ದುವಂತೆ ಹೇಳುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲ ಎಂಬುದು ತೀರ್ಪಿನ ಸಾರ. 75 ಮೀಟರ್ ಹೋಗಿ 30 ಮೀಟರ್ ಉಳಿಯಿತು.

ಈ ತೀರ್ಪನ್ನು ಗೆಲುವು ಸೋಲಿನ ಕಣ್ಣಿನಿಂದ ನೋಡಿದವರೇ ಹೆಚ್ಚು. ಆದರೆ ಅದರಲ್ಲಿ ಒಂದು ಪಾಠವೂ ಇದೆ. ಕೆರೆಗೆ ಎಷ್ಟು ಜಾಗ ಬಿಡಬೇಕು ಎಂಬ ಪ್ರಶ್ನೆಯನ್ನು ಕೇಳಬೇಕಾದ ಜಾಗ ಮಹಾ ಯೋಜನೆ. ಕೇಳಬೇಕಾದ ಸಮಯ ಅದರ ಕರಡು ಬಂದಾಗ. ಕಂಬಿ ಕಟ್ಟಿ ಕಾಂಕ್ರೀಟ್ ಹಾಕಿದ ಮೇಲೆ ಕೇಳಿದರೆ ಉತ್ತರ ಕೋರ್ಟಿನಲ್ಲಿ ಹುಡುಕಬೇಕಾಗುತ್ತದೆ. ಅದಕ್ಕೆ ವರ್ಷಗಳು ಹಿಡಿಯುತ್ತವೆ. ಅಷ್ಟು ಹೊತ್ತಿಗೆ ಮನೆ ಕಟ್ಟಿಸಿದವನಿಗೂ ಕೆರೆಗೂ ನಷ್ಟವಾಗಿರುತ್ತದೆ.

ಬೆಂಗಳೂರಿನ ಆ ಅವಕಾಶವೂ ಒಮ್ಮೆ ಬಂದು ಹೋಯಿತು. 2007ರಲ್ಲಿ ಒಪ್ಪಿಗೆ ಪಡೆದ ಯೋಜನೆ 2015ನೇ ಇಸವಿಯವರೆಗಿನದು. ಮುಂದಿನದಾದ 2031ರ ಯೋಜನೆಯ ಕರಡು 2017ರ ನವೆಂಬರಿನಲ್ಲಿ ಸಾರ್ವಜನಿಕರ ಮುಂದೆ ಬಂತು. ಆಕ್ಷೇಪಣೆಗಳು ಬಂದವು, ಚರ್ಚೆಗಳಾದವು. 2020ರಲ್ಲಿ ಸರ್ಕಾರ ಆ ಕರಡನ್ನೇ ಹಿಂತೆಗೆದುಕೊಂಡಿತು. 2015ಕ್ಕೆಂದು ಹೊಲಿದ ಅಂಗಿಯನ್ನೇ ಊರು ಆಮೇಲೂ ತೊಡಬೇಕಾಯಿತು. 2025ರಲ್ಲಿ ಬೃಹತ್ ಮಹಾನಗರ ಪಾಲಿಕೆಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ನಗರ ಪಾಲಿಕೆಗಳೂ ಬಂದವು. ಕೆರೆಯ ಸುತ್ತ ಬಿಡಬೇಕಾದ ಮೀಟರುಗಳ ಚರ್ಚೆ ಅದೇ ವರ್ಷ ವಿಧಾನಮಂಡಲದಲ್ಲೂ ನಡೆಯಿತು. ಕಚೇರಿಯ ಬೋರ್ಡು ಬದಲಾದರೂ ನೀರಿನ ಇಳಿಜಾರು ಬದಲಾಗುವುದಿಲ್ಲ.

ಇಳಿಜಾರನ್ನು ಮರೆತರೆ ಏನಾಗುತ್ತದೆಂದು 2022ರ ಸೆಪ್ಟೆಂಬರ್ ತೋರಿಸಿತು. ಆ ತಿಂಗಳ 4ರಿಂದ 5ರ ಬೆಳಗಿನವರೆಗೆ ಸುಮಾರು 130 ಮಿಲಿಮೀಟರ್ ಮಳೆ ಬಿತ್ತು. ಬೆಳ್ಳಂದೂರು, ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆಯ ಕಡೆ ಕೋಟಿ ಬೆಲೆಯ ಮನೆಗಳಿಂದ ಜನ ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಹೊರಗೆ ಬಂದರು. ಹಾಗೆಂದು ಯಾವುದೋ ಒಂದು ಕಟ್ಟಡದ ಕಡೆ ಬೆರಳು ತೋರಿಸುವುದು ಸರಿಯಾಗದು. ಬದುವೊಂದು ಇಲ್ಲಿ, ಕಾಂಪೌಂಡೊಂದು ಅಲ್ಲಿ, ಕಿರಿದಾದ ಮೋರಿಯೊಂದು ಇನ್ನೆಲ್ಲೋ ಸೇರಿ ಆದ ಸಂಗತಿ ಅದು.

ಲೆಕ್ಕ ಕಷ್ಟದ್ದಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಮೂವತ್ತು-ನಲವತ್ತರ ಸೈಟು ಸುಮಾರು 111 ಚದರ ಮೀಟರ್. 130 ಮಿಲಿಮೀಟರ್ ಮಳೆಗೆ ಅದರ ಮೇಲೆ ಬೀಳುವುದು 14,000 ಲೀಟರಿಗೂ ಹೆಚ್ಚು. 80 ಎಕರೆಯ ಮೇಲೆ ಅದೇ ಮಳೆ ಬಿದ್ದರೆ 4 ಕೋಟಿ 20 ಲಕ್ಷ ಲೀಟರ್. ಹನ್ನೆರಡು ಸಾವಿರ ಲೀಟರಿನ ಮೂರೂವರೆ ಸಾವಿರ ಟ್ಯಾಂಕರುಗಳನ್ನು ಒಂದೇ ರಾತ್ರಿ ಅಲ್ಲಿ ಬೋರಲು ಹಾಕಿದ ಹಾಗೆ. ನೆಲ ಮಣ್ಣಾಗಿದ್ದರೆ ಒಂದಷ್ಟನ್ನು ಹೀರಿಕೊಂಡು ಉಳಿದದ್ದನ್ನು ನಿಧಾನವಾಗಿ ಬಿಡುತ್ತದೆ. ಸಿಮೆಂಟಾದರೆ ಬಿದ್ದದ್ದೆಲ್ಲ ಆಗಲೇ ಹೊರಡುತ್ತದೆ. ಬೇಕಾದರೆ ಮಕ್ಕಳು ಒಂದು ಚೊಂಬು ನೀರನ್ನು ತುಳಸಿಕಟ್ಟೆಯ ಮಣ್ಣಿಗೂ ಇನ್ನೊಂದನ್ನು ಪಕ್ಕದ ಸಿಮೆಂಟು ನೆಲಕ್ಕೂ ಸುರಿದು, ಎರಡೂ ಎಷ್ಟು ಹೊತ್ತಿಗೆ ಅಂಗಳದ ಅಂಚು ಮುಟ್ಟುತ್ತವೆ ಎಂದು ಗಡಿಯಾರ ನೋಡಬಹುದು. ಇದಕ್ಕಿಂತ ದೊಡ್ಡ ಪ್ರಯೋಗಾಲಯ ಬೇಕಿಲ್ಲ.

ಆ ಮನೆಯಲ್ಲಿ ನಡೆದದ್ದೂ ಇಂಥದೇ ಪ್ರಯೋಗ. ಮಗಳ ಭೂಗೋಳ ಪಾಠದಲ್ಲಿ ಸಮೋನ್ನತ ರೇಖೆಗಳು ಬಂದಿದ್ದವು. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳವು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಗೆರೆಗಳು ಈಗ ಮೊದಲ ಸಲ ಕೆಲಸಕ್ಕೆ ಬಂದವು. ತಂದೆಯ ಫೋನಿನಲ್ಲಿ ಸರ್ಕಾರದ ‘ದಿಶಾಂಕ್’ ಆ್ಯಪ್ ತೆರೆದು, ಪುಸ್ತಿಕೆಯ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿದ್ದ ಸರ್ವೆ ನಂಬರುಗಳನ್ನು ಹುಡುಕಿದರು. ಹಳೆಯ ಗ್ರಾಮ ನಕ್ಷೆಯ ಗೆರೆಗಳು ಈಗಿನ ರಸ್ತೆಗಳ ಮೇಲೆ ಮೂಡಿದವು. ಯೋಜನೆಯ ಜಾಗದ ಪೂರ್ವದ ಅಂಚಿನಲ್ಲಿ ಉದ್ದಕ್ಕೆ ಒಂದು ಪಟ್ಟಿ. ತಾತ ಅದನ್ನು ನೋಡಿದ ಕೂಡಲೇ ‘ಇದು ಖರಾಬು. ಕಾಲುವೆ ಇರಬೇಕು’ ಎಂದರು. ಕೆರೆ, ಕಾಲುವೆ, ದಾರಿಗಳಂಥ ಸಾರ್ವಜನಿಕ ನೆಲವನ್ನು ಕಂದಾಯ ದಾಖಲೆಯಲ್ಲಿ ‘ಬಿ’ ಖರಾಬು ಎನ್ನುವುದು ರೂಢಿ. ಪುಸ್ತಿಕೆಯ ಚಿತ್ರದಲ್ಲಿ ಅದೇ ಜಾಗದಲ್ಲಿ ಮಕ್ಕಳ ಜಾರುಬಂಡೆ ಇತ್ತು.

ಮುಂದಿನ ಭಾನುವಾರ ಮೂವರೂ ಬಸ್ಸು ಹತ್ತಿ ಆ ಜಾಗಕ್ಕೆ ಹೋದರು. ಹವಾನಿಯಂತ್ರಿತ ಕಚೇರಿಯಲ್ಲಿ ಹುಡುಗ ವಿನಯವಾಗಿಯೇ ಮಾತಾಡಿದ. ‘ಎಲ್ಲಾ ಅಪ್ರೂವಲ್ ಆಗಿದೆ ಸಾರ್’ ಎಂದ. ತಂದೆ ಒಂದು ಹಾಳೆಯಲ್ಲಿ ಬರೆದು ತಂದಿದ್ದನ್ನು ಓದಿದರು. ಮಂಜೂರಾದ ನಕ್ಷೆ ಬೇಕು, ಅದರಲ್ಲಿ ಕಾಲುವೆಯಿಂದ ಬಿಟ್ಟ ಜಾಗವನ್ನು ಎಲ್ಲಿಂದ ಅಳೆದಿದ್ದಾರೆ ಎಂಬುದು ಕಾಣಬೇಕು. ಮಹಾ ಯೋಜನೆಯಲ್ಲಿ ಈ ಸರ್ವೆ ನಂಬರುಗಳ ಬಣ್ಣ ಯಾವುದು, ಬದಲಾಗಿದ್ದರೆ ಯಾವಾಗ ಬದಲಾಯಿತು? ಪರಿಸರ ಅನುಮತಿಯ ಪತ್ರ ಬೇಕು, ಷರತ್ತುಗಳ ಪುಟ ಸಹಿತ. ಜಲಮಂಡಳಿಯ ಪತ್ರದಲ್ಲಿ ಕಾವೇರಿ ನೀರು ಕೊಡುತ್ತೇವೆ ಎಂದಿದೆಯೋ, ಲಭ್ಯವಾದಾಗ ಕೊಡುತ್ತೇವೆ ಎಂದಿದೆಯೋ? ಹುಡುಗ ಎರಡು ಕಾಗದಗಳನ್ನು ಆಗಲೇ ತೋರಿಸಿದ. ಉಳಿದವನ್ನು ರೇರಾ ಜಾಲತಾಣದಲ್ಲಿ ನೋಡಬಹುದು ಎಂದ. ಅದೂ ಸರಿಯಾದ ಮಾತೇ. 2016ರ ಕಾಯಿದೆ ಬಂದ ಮೇಲೆ ಇಂಥ ಕಾಗದಗಳನ್ನು ಮನೆಯಲ್ಲೇ ಕುಳಿತು ನೋಡುವ ಅನುಕೂಲವಿದೆ. ನೋಡುವವರು ಬೇಕು, ಅಷ್ಟೆ.

ಇತ್ತ ತಾತ ಒಳಗೆ ಬರಲೇ ಇಲ್ಲ. ಗೇಟಿನ ಹತ್ತಿರ ಕಾವಲುಗಾರನ ಜೊತೆ ಮಾತಿಗಿಳಿದಿದ್ದರು. ಅವನು ಯಾದಗಿರಿ ಕಡೆಯವನು. ‘ಮಳೆ ಬಂದ್ರೆ ಇಲ್ಲಿ ನೀರು ಎತ್ತಗೋಗ್ತೈತಪ್ಪಾ?’ ಎಂದು ತಾತ ಕೇಳಿದ್ದಕ್ಕೆ ಅವನು ಪೂರ್ವದ ಗೋಡೆಯ ಕಡೆ ಕೈ ತೋರಿಸಿದ. ‘ಎಲ್ಲಿಗೂ ಹೋಗಂಗಿಲ್ರೀ ಅಜ್ಜಾರ. ಅಲ್ಲೇ ಮೊಣಕಾಲ ತನಕ ನಿಂದರತೈತಿ. ನಾ ಗಾಡಿ ಈ ಕಡೆ ತಂದು ಹಚ್ತೀನಿ.’

ತಂದೆ ಆ ದಿನ ಚೆಕ್ಕು ಕೊಡಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಮನೆ ಬೇಕೇ ಬೇಕು. ಬಾಡಿಗೆ ಪ್ರತಿ ವರ್ಷ ಏರುತ್ತದೆ. ಗದ್ದೆ ಮಾರಿದ ಹಣ ಬ್ಯಾಂಕಿನಲ್ಲಿದ್ದರೆ ಕರಗುತ್ತದೆ. ಆದರೆ ತಾತನ ಎರಡೂವರೆ ಎಕರೆ ಒಂದೇ ಸಲ ಮಾರುವಂಥದು. ಅದನ್ನು ಮೊಣಕಾಲುದ್ದ ನೀರಿನಲ್ಲಿ ಹಾಕುವ ಮುಂಚೆ ಕೇಳಿ ತಿಳಿಯುವುದರಲ್ಲಿ ತಪ್ಪಿಲ್ಲ ಎಂದು ತಾಯಿಯೂ ಹೇಳಿದರು.

ಅಷ್ಟರಲ್ಲಿ ಮಗಳು ಹಳೆಯ ಪತ್ರಿಕೆಗಳ ಕಟ್ಟನ್ನು ಬಿಚ್ಚಿ ಹಿಂದಿನ ಪುಟಗಳನ್ನು ತಡಕುತ್ತಿದ್ದಳು. ಆ ಯೋಜನೆಗೆ ಅಂಟಿಕೊಂಡ ಇನ್ನೊಂದು ಸರ್ವೆ ನಂಬರಿನ ಜಾಗವನ್ನು ಹಸಿರಿನಿಂದ ವಾಣಿಜ್ಯಕ್ಕೆ ಬದಲಾಯಿಸುವ ಪ್ರಸ್ತಾವ ಎಂಟು ದಿನದ ಹಿಂದಿನ ಪತ್ರಿಕೆಯಲ್ಲಿ ಸಿಕ್ಕಿತು. ಆಕ್ಷೇಪಣೆಗೆ ಇನ್ನೂ ಕೆಲವು ದಿನ ಉಳಿದಿತ್ತು. ಆ ಪತ್ರಿಕೆ ಮನೆಗೆ ಬಂದ ದಿನ ಅದರ ಮೇಲೆ ಹುರಿಗಡಲೆ ಹರಡಿದ್ದ ಗುರುತು ಇನ್ನೂ ಇತ್ತು.

ರಾತ್ರಿ ಊಟವಾದ ಮೇಲೆ ತಂದೆ ಬಿಳಿ ಹಾಳೆ ತೆಗೆದುಕೊಂಡು ಬರೆದರು. ಯೋಜನೆ ಬೇಡ ಎಂದು ಬರೆಯಲಿಲ್ಲ. ಪ್ರಸ್ತಾವಿತ ಜಾಗದ ಪೂರ್ವಕ್ಕೆ ಗ್ರಾಮ ನಕ್ಷೆಯಲ್ಲಿ ಕಾಣುವ ಕಾಲುವೆ ಈಗ ಎಲ್ಲಿದೆ, ಮೇಲಿನ ಕೆರೆ ಕೋಡಿ ಬಿದ್ದಾಗ ನೀರು ಯಾವ ದಾರಿಯಲ್ಲಿ ಕೆಳಗಿನ ಕೆರೆಗೆ ಹೋಗುತ್ತದೆ, ಆ ದಾರಿಗೆ ಎಷ್ಟು ಅಗಲ ಬಿಟ್ಟಿದ್ದೀರಿ, ಇದನ್ನು ತೋರಿಸಿದ ಮೇಲೆ ಬದಲಾವಣೆಯನ್ನು ಪರಿಗಣಿಸಬೇಕು ಎಂದಷ್ಟೇ ಬರೆದರು. ಮಗಳು ಕೆಳಗೆ ಒಂದು ಪುಟ್ಟ ನಕ್ಷೆ ಬಿಡಿಸಿ ಇಳಿಜಾರಿನ ದಿಕ್ಕಿಗೆ ಬಾಣ ಹಾಕಿದಳು. ತಾತ ಕನ್ನಡದಲ್ಲಿ ದೊಡ್ಡದಾಗಿ ಸಹಿ ಮಾಡಿದರು.

ಸೋಮವಾರ ಅರ್ಧ ದಿನ ರಜೆ ಹಾಕಿ ತಂದೆ ಅದನ್ನು ಕಚೇರಿಯಲ್ಲಿ ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಂಡು ಬಂದರು. ಉತ್ತರ ಇನ್ನೂ ಬಂದಿಲ್ಲ. ಮೊಹರಿನ ಹಾಳೆಯೂ ಸಹಿಯಾಗದ ಚೆಕ್ಕೂ ಈಗ ಒಂದೇ ಫೈಲಿನಲ್ಲಿವೆ. ಪತ್ರಿಕೆ ಬಂದಾಗ ಆ ಮನೆಯಲ್ಲಿ ಮೊದಲು ತೆರೆಯುವ ಪುಟ ಬದಲಾಗಿದೆ. ತಾತ ಮಾತ್ರ ದಿನಾ ಸಂಜೆ ಕೇಳುತ್ತಾರೆ, ‘ಏನಂತೆ, ಕೋಡಿ ಎಲ್ಲೈತಂತೆ?’